ರಸ್ತೆ ಕಡೆಯ ಬಾಗಿಲು

“ಮುಂಜಾನೆದ್ದು ಗುಡಿಗೆ ಹೋಗಾವ್ನು ಮೊದಲ ನಿಮ್ಮ ಮಾರಿ ನೋಡಬೇಕೇನಲೇ, ಸೂಳೆಮಗನ?”

ಕಾಕಾಸಾಹೇಬ ಹಸಿ ಗೋಡೆಗೆ ಕಾಲಿನಿಂದ ಒದ್ದ. ಮೂರು ಇಟ್ಟಿಗೆ ಉರುಳಿದವು. ದಶರಥ ಅವನ್ನು ಎತ್ತಿ ಒರೆಸಿದ.

“ಚಪ್ಲಿಗೆ ಸಿಮೆಂಟ್ ಹತ್ತೈತ್ರಿ, ಸಾವ್ಕಾರ್ರ. ಒಣಗಿದ್ರ ಬಿಡಾಂಗಿಲ್ರಿ.”

ಮೂವತ್ತೊಂದು ವರ್ಷ ಚಿಕ್ಕೋಡಿ ಡಿಪೋದ ಬಸ್ಸು ಓಡಿಸಿ ನಿವೃತ್ತನಾದವನು ದಶರಥ. ಹುಡುಗನಾಗಿದ್ದಾಗ ಅಪ್ಪನ ಜೊತೆ ಗೌಂಡಿ ಕೆಲಸ ಮಾಡಿದ್ದ. ಸರ್ಕಾರದ ಮನೆ ಮಂಜೂರಾಗಿಯೂ ಗೌಂಡಿ ಕೂಲಿ ಕೊಡಲಾಗದ ತನ್ನ ಓಣಿಯವರಿಗೆ ಈಗ ಪುಕ್ಕಟೆ ಗೋಡೆ ಏರಿಸುತ್ತಿದ್ದ. ಸುಂದ್ರವ್ವನದು ನಾಲ್ಕನೆಯ ಮನೆ. ಓಣಿಯ ಮನೆಗಳೆಲ್ಲ ರಸ್ತೆಗೆ ಬೆನ್ನು ಮಾಡಿ ನಿಂತಿದ್ದವು. ಬಾಗಿಲೆಲ್ಲ ಗಟಾರದ ಕಡೆ. ಹಾಗೆಂದು ಹೇಳಿದವರು ಯಾರೆಂದು ಯಾರಿಗೂ ನೆನಪಿರಲಿಲ್ಲ. ಕೇಳಿದವರೂ ಇರಲಿಲ್ಲ. ಸುಂದ್ರವ್ವ ಮಾತ್ರ ರಸ್ತೆ ಕಡೆ ಬೊಟ್ಟು ಮಾಡಿದ್ದಳು. ದಶರಥ ಅಲ್ಲೇ ಬಾಗಿಲಿಗೆ ಜಾಗ ಬಿಟ್ಟಿದ್ದ.

ಕಾಕಾಸಾಹೇಬ ಬುಟ್ಟಿ ಹಿಡಿದು ನಿಂತ ಸುಂದ್ರವ್ವನ ಕಡೆ ಬೆರಳು ಮಾಡಿದ. “ನಾಳೆ ಇಂಜಿನಿಯರ್ ಬರ್ತಾನ. ಬಾಗಲದ ಮುಂದ ಇಕೀನ ನಿಂದ್ರಿಸಿ ಫೋಟೋ ಹೊಡದು ಸರ್ಕಾರಕ್ಕ ಕಳಿಸಿದ್ರ ಮುಗೀತು, ಆಮ್ಯಾಲ ಬದಲಿ ಇಲ್ಲ. ಅದರೊಳಗ ಇದನ್ನ ಮುಚ್ಚಬೇಕು. ಇಲ್ಲಂದ್ರ ಇಕಿ ನನ್ನ ಕಬ್ಬಿನ ಹೊಲದಾಗ ಕಾಲಿಡಬಾರದು. ಊರಾಗ ಮತ್ಯಾರೂ ಕೂಲಿಗೆ ಕರ್ಯಾಂಗಿಲ್ಲ.”

“ನನಗೇನೂ ಅನ್ಲಿಲ್ಲಲ್ರಿ?”

“ನಿನಗೇನ್ ಅನ್ನೂದಲೇ?”

“ಅದೂ ಖರೇನ. ನನ್ನ ಪೆನ್ಶನ್ ನಿಮ್ಮ ಹೊಲದಾಗ ಬೆಳ್ಯಾಂಗಿಲ್ರಿ.”

ಕಾಕಾಸಾಹೇಬ ಉಗುಳಿ ಹೋದ. ಸುಂದ್ರವ್ವ ಬುಟ್ಟಿ ಇಳಿಸಿ ಗೋಡೆಯತ್ತ ಕಣ್ಣು ಕಿರಿದು ಮಾಡಿದಳು.

“ದಶರಥಣ್ಣಾ, ಗ್ವಾಡಿ ಕಟ್ಟೀಯೋ, ಅಂಬೋಲಿ ಘಾಟದಾಗ ಬಸ್ ತಿರಿಗಿಸೀಯೋ?”

“ಟಿಕೀಟ್ ಕೇಳಿಲ್ಲಲ್ಲ, ಸುಮ್ನ ಕುಂದರ ಬೇ.”

ಇಬ್ಬರೂ ನಕ್ಕರು. ಕಬ್ಬು ತುಂಬಿದ ಟ್ರ್ಯಾಕ್ಟರೊಂದು ಹೋಯಿತು. ಅದರ ಧೂಳು ಇಳಿಯಿತು.

“ಮುಚ್ಚಿಬಿಡು,” ಅಂದಳು.

ದಶರಥ ಅವಳ ಕಡೆ ನೋಡಲಿಲ್ಲ. “ಹಂಗಾರ ಗಟಾರದ ಕಡೆ ಒಡೀಲೇನ?”

“ಅದೂ ಬ್ಯಾಡ.” ಕಾಲಡಿಯ ಮಣ್ಣನ್ನು ಬೆರಳಲ್ಲಿ ಹಿಸುಕಿ ನೋಡಿ ಅಂದಳು: “ಮುಚ್ಚೂದು ಬರೇ ಮಣ್ಣಿಲೆ ಮುಚ್ಚು. ಸಿಮೆಂಟ್ ತುಟ್ಟಿ ಐತಿ.”

ಈಗ ನೋಡಿದ. ಮಣ್ಣು ಕಲಸತೊಡಗಿದ.

ಮರುದಿನ ಇಂಜಿನಿಯರ ಕಾಕಾಸಾಹೇಬನ ಗಾಡಿಯಲ್ಲೇ ಬಂದಿಳಿದ. ರಸ್ತೆ ಕಡೆಗೆ ಬರಿಯ ಗೋಡೆ. “ಈಗ ಶಾಣ್ಯಾ ಆದಿ ನೋಡು,” ಎಂದು ಕಾಕಾಸಾಹೇಬ ದಶರಥನಿಗೆ ಹೇಳಿದ. ಇಂಜಿನಿಯರ ಮೊಬೈಲು ಹಿಡಿದು ಮನೆಗೆ ಒಂದು ಸುತ್ತು ಹಾಕಿದ. ಇನ್ನೊಂದು ಸುತ್ತು ಹಾಕಿದ.

“ಏನ್ರೀ ಇದು, ಬಾಗಿಲೇ ಇಲ್ಲ?”

“ಸಾವ್ಕಾರ್ರು ಮುಚ್ಚಂದ್ರು, ಮುಚ್ಚೀನ್ರಿ. ಎಲ್ಲಿ ತಗೀಬೇಕು ಅನ್ನೂದು ಮನಿ ಒಡತೀನ ಕೇಳ್ಬೇಕ್ರಿ.”

“ಎಲ್ಲಿದಾಳೆ ಆಕೆ?”

“ಮನಿಯಾಗದಾಳ್ರಿ. ಸ್ಲ್ಯಾಬ್ ಇನ್ನಾ ಬಿದ್ದಿಲ್ಲಲ್ರಿ, ನಿಚ್ಚಣಕಿ ಹಚ್ಚಿ ಇಳಿಸೀನಿ.”

ಒಳಗಿನಿಂದ ಧಡ್ ಎಂದಿತು. ರಸ್ತೆ ಕಡೆಯ ಗೋಡೆ ಅದುರಿತು. ಎರಡನೆಯ ಏಟಿಗೆ ಮಣ್ಣು ಬಿರಿದು ಒಂದು ಇಟ್ಟಿಗೆ ಕಾಕಾಸಾಹೇಬನ ಕಾಲ ಬಳಿ ಬಿತ್ತು. ತೂತಿನಲ್ಲಿ ಮೊದಲು ಸುತ್ತಿಗೆ ಕಂಡಿತು, ಆಮೇಲೆ ಹಸಿರು ಬಳೆ. ಓಣಿಯವರು ಒಬ್ಬೊಬ್ಬರೇ ಬಂದು ರಸ್ತೆಯ ಮೇಲೆ ನಿಂತರು.

ಆಳೆತ್ತರ ಒಡೆದಾದ ಮೇಲೆ ಸುಂದ್ರವ್ವ ನಡುವೆ ಬಂದು ನಿಂತಳು. ಹುಬ್ಬಿನ ತುಂಬ ಧೂಳು. ಸೆರಗು ಸರಿಮಾಡಿಕೊಂಡಳು.

“ಹೊಡೀರಿ ಸಾಹೇಬ್ರ, ಫೋಟೋ.”

ಇಂಜಿನಿಯರ ಕಾಕಾಸಾಹೇಬನ ಮುಖ ನೋಡಿದ. ಸಾವುಕಾರ ಹೊಸ ಬಾಗಿಲ ಎದುರಿಗೇ ನಿಂತಿದ್ದ, ಬೆನ್ನಿಗೆ ಬಿಸಿಲು, ಬಾಯಿ ಅರ್ಧ ತೆರೆದಿತ್ತು.

“ಸಾವ್ಕಾರ್ರ, ತುಸು ಬಾಜೂಕ ಸರೀರಿ,” ಎಂದಳು ಸುಂದ್ರವ್ವ. “ನಿಮ್ಮ ನೆರಳ ನನ್ನ ಹೊಸ್ತಲದ ಮ್ಯಾಲ ಬಿದ್ದೈತಿ.”