ಒಡೆಟ್ಟಳ ಮೀನಿನ ಬಗ್ಗೆ ಕೇಳಿದವರು

ಲೂಯಿಸಿಯಾನದ ನಮ್ಮ ಕೊಲ್ಲಿಯಲ್ಲಿ ಸಂಜೆಯಾದರೆ ದೂರದಲ್ಲಿ ಯಾರೋ ನಗಾರಿ ಬಡಿದಂತೆ ಗುಮುಗುಟ್ಟುವ ಮೀನೊಂದಿದೆ. ಡ್ರಮ್ ಮೀನೆಂದೇ ಅದರ ಹೆಸರು. ಒಡೆಟ್ ಗಿಲ್ಲರಿ ನೀರಿನೊಳಗೆ ಮೈಕು ಇಳಿಬಿಟ್ಟು ವರ್ಷಗಟ್ಟಲೆ ಆ ಸದ್ದನ್ನೇ ಕೇಳಿದವಳು. ನಮ್ಮ ವಿಶ್ವವಿದ್ಯಾಲಯದ ಜೀವಶಾಸ್ತ್ರ ವಿಭಾಗದಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಕಪ್ಪು ಜನರೆಂದರೆ ಅವಳು ಮತ್ತು ನಾನು. ವಿಶ್ವವಿದ್ಯಾಲಯದ ಪ್ರಚಾರಕ್ಕೆ ಫೋಟೋ ಬೇಕಾದಾಗಲೆಲ್ಲ ನಮಗೇ ಕರೆ ಬರುತ್ತಿತ್ತು.

ಉತ್ತರದ ದೊಡ್ಡ ವಿಶ್ವವಿದ್ಯಾಲಯವೊಂದು ಅವಳನ್ನು ಸಂದರ್ಶಿಸಿ ಪ್ರೊಫೆಸರ್ ಕೆಲಸ ಕೊಡಲು ಮುಂದೆ ಬಂತು. ಅವಳ ತಾಯಿ ಚರ್ಚಿನಲ್ಲೆಲ್ಲ ಹೇಳಿಕೊಂಡು ಬಂದರು. ಒಡೆಟ್ ಮಾತ್ರ ಸಪ್ಪಗಿದ್ದಳು. ಕಪ್ಪು ವಿದ್ಯಾರ್ಥಿಗಳನ್ನು ಹೇಗೆ ಸೆಳೆಯುತ್ತೀರಿ, ಯಾವ ಸಮಿತಿಯಲ್ಲಿ ಇರುತ್ತೀರಿ ಎಂದು ಸಂದರ್ಶನದ ಇಡೀ ದಿನ ವಿಚಾರಿಸಿದ್ದರಂತೆ.

"ಮೀನಿನ ವಿಷ್ಯ ಒಬ್ರೂ ಕೇಳ್ಲಿಲ್ಲ ಕಣೇ," ಅಂದಳು.

ಮರುವಾರ ಕರಾವಳಿಯ ಸಣ್ಣ ಮೀನುಗಾರಿಕೆ ಪ್ರಯೋಗಾಲಯಕ್ಕೆ ಸಂದರ್ಶನಕ್ಕೆ ಹೋದಳು. ಅಲ್ಲಿನ ಮುಖ್ಯಸ್ಥೆ ಲಿಯೆನ್, ವಿಯೆಟ್ನಾಮಿ ಸಿಗಡಿ ದೋಣಿಯವರ ಮಗಳು. ಒಡೆಟ್ ಗಂಡು ಮೀನಿನ ಕೂಗೆಂದು ತಂದಿದ್ದ ಧ್ವನಿಮುದ್ರಣ ಹಾಕಿಸಿ ಕಣ್ಣು ಮುಚ್ಚಿ ಕೇಳಿದರು.

"ಇದು ಗಂಡೇ ಅಂತ ಹೇಗೆ ಹೇಳ್ತೀಯಾ? ಹೆಣ್ಣು ಕೂಗಲ್ವಾ?"

ಒಡೆಟ್ ಧ್ವನಿಮುದ್ರಣವನ್ನು ಮತ್ತೆ ಮೊದಲಿಂದ ಹಾಕಿದಳು. ಊಟದ ಹೊತ್ತು ಮೀರಿದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ.

ಲಿಯೆನ್ ಕೆಲಸಕ್ಕೆ ಕರೆದರು; ದೊಡ್ಡ ವಿಶ್ವವಿದ್ಯಾಲಯ ಬಿಟ್ಟು ಅಲ್ಲಿಗೆ ಹೋಗುವುದನ್ನು ಅವಳ ಪಿಎಚ್.ಡಿ. ಮಾರ್ಗದರ್ಶಕ ವೆಸ್ಟ್‌ಕಾಟ್ ಒಪ್ಪಲಿಲ್ಲ. "ನೀನೂ ಯುನಿವರ್ಸಿಟಿ ಬಿಟ್ಟು ಹೋಗ್ಬಿಟ್ರೆ ಮುಂದೆ ಓದೋಕೆ ಬರೋ ನಿಮ್ಮ ಜನರ ಮಕ್ಳು ಯಾರನ್ನ ನೋಡಿ ಬರ್ತಾರೆ?" ಅಂದರು. ಆ ಮಾತು ಅವಳನ್ನು ಹಲವು ದಿನ ಕೊರೆಯಿತು. ಅದರಲ್ಲಿ ನಿಜವೂ ಇತ್ತು. ಕೊನೆಗೆ ದೊಡ್ಡ ವಿಶ್ವವಿದ್ಯಾಲಯಕ್ಕೇ ಫೋನ್ ಮಾಡಿ, ನನ್ನ ಸಂಶೋಧನೆ ನಿಮಗೆ ಹೇಗನ್ನಿಸಿತು ಎಂದು ಕೇಳಿದಳು. ಆ ಕಡೆಯವರು ತಡವರಿಸಿ, ಅದೆಲ್ಲ ಚೆನ್ನಾಗಿಯೇ ಇರುತ್ತದೆ ಬಿಡಿ ಎಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅವಳು ಅಲ್ಲೇ ಬೇಡವೆಂದಳು.

"ಪ್ರೊಫೆಸರ್ ಆಗ್ತಾಳೆ ಅಂತ ಎಲ್ರಿಗೂ ಹೇಳ್ಬಿಟ್ಟಿದೀನಲ್ಲೇ," ಎಂದು ತಾಯಿ ಗೋಳಾಡಿದರು.

"ಡಾಕ್ಟರ್ ಅಂತ ಹೇಳಮ್ಮ."

"ಹೇಳಿದ್ರೆ ಎಲ್ರೂ ಮಂಡಿ ನೋವು ತೋರಿಸೋಕೆ ಬರ್ತಾರೆ."

ಮುಂದೆ ಪ್ರೊಫೆಸರ್ ಆದದ್ದು ನಾನು. ಎಷ್ಟೋ ಸಮಿತಿಗಳಲ್ಲಿ ಕೂತಿದ್ದೇನೆ, ಬೇಸರವೇನಿಲ್ಲ. ಅತ್ತ ಪ್ರಯೋಗಾಲಯದಲ್ಲಿ ಒಡೆಟ್ ಮತ್ತು ಲಿಯೆನ್ ಬರೀ ಹೆಣ್ಣು ಮೀನುಗಳನ್ನು ಒಂದು ತೊಟ್ಟಿಯಲ್ಲಿ ಬಿಟ್ಟು ವಾರಗಟ್ಟಲೆ ಕಿವಿಗೊಟ್ಟು ಕೂತರು. ಒಂದು ಸಂಜೆ ಮೆಲ್ಲಗೆ ಗುಮ್ ಎಂದಿತು. ತೊಟ್ಟಿಗೆ ನೀರು ಹಾಯಿಸುವ ಪಂಪಿನ ಸದ್ದೆಂದು ಲಿಯೆನ್, ಮೀನೇ ಎಂದು ಒಡೆಟ್. ಪಂಪು ನಿಲ್ಲಿಸಿದರು. ಮತ್ತೆ ಗುಮ್ ಎಂದಿತು.

ಮಗಳನ್ನು ನೋಡಲು ಬಂದ ತಾಯಿಗೂ ಹೆಡ್‌ಫೋನ್ ಹಾಕಿ ಕೂರಿಸಿದರು. ಅವರೂ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ತೊಟ್ಟಿಯತ್ತ ಬಗ್ಗಿ, "ಯಾರನ್ನ ಕರೀತಿದಾಳೆ ಇವಳು?" ಎಂದರು.

ಆ ಪ್ರಶ್ನೆ ಬರೆದುಕೊಳ್ಳಲು ಇಬ್ಬರು ವಿಜ್ಞಾನಿಗಳೂ ಒಟ್ಟಿಗೇ ಪೆನ್ನಿಗೆ ಕೈಹಾಕಿದರು.