ಮೂರು ವಾರದ ತಯಾರಿ

ನಿವೃತ್ತ ಹವಾಲ್ದಾರ ಶಿವಪುತ್ರಪ್ಪನಿಗೆ ಬಿಳಗಿಯ ದುರ್ಗಮ್ಮನ ಮನೆಗೆ ಬರಲು ಎರಡು ವರ್ಷ ಹಿಡಿಯಿತು. ತನ್ನೂರು ಬನವಾಸಿಯಿಂದ ಹೊರಟು ನಡುದಾರಿಯ ಸಿರ್ಸಿಯಲ್ಲೇ ಇಳಿದು ವಾಪಸು ಹೋದದ್ದೂ ಉಂಟು. ಈ ಸಲ ಅಂಗಳದವರೆಗೂ ಬಂದ.

ದುರ್ಗಮ್ಮನ ಮಗ ಸುಭಾಷ ಅವನ ಕೈಕೆಳಗೆ ಸಿಪಾಯಿಯಾಗಿದ್ದ. ಶಾಂತಿಪಾಲನೆಗೆಂದು ಕಾಂಗೋಗೆ ಹೋದ ಪಲ್ಟನ್ನಿನಲ್ಲಿ ಇಬ್ಬರೂ ಒಂದು ವರ್ಷ ನಿರಾಶ್ರಿತರ ಶಿಬಿರ ಕಾದಿದ್ದರು. ಅಲ್ಲಿ ಗುಂಡು ಹಾರಿಸುವುದು ಕಟ್ಟಕಡೆಯ ಮಾತು. ಮೊದಲು ಎದ್ದು ನಿಂತು, ಕೈ ಎತ್ತಿ, ಕೂಗಿ ಎಚ್ಚರಿಸಬೇಕು. ಅದನ್ನು ಸುಭಾಷನಿಗೆ ರೂಢಿ ಮಾಡಿಸಿದವನು ಶಿವಪುತ್ರಪ್ಪನೇ.

ವಾಪಸು ಬಂದು ರಜೆ ಮುಗಿಯುವಷ್ಟರಲ್ಲಿ ಗಡಿಗೆ ಹೋಗುವ ಆದೇಶ ಬಂತು. ಕಾಂಗೋದ ರೂಢಿ ಬಿಡಿಸಿ ಗಡಿಗೆ ಒಗ್ಗಿಸಲು ಎರಡು ತಿಂಗಳು ನಡೆಯಬೇಕಿದ್ದ ತರಬೇತಿ ಮೂರೇ ವಾರಕ್ಕೆ ಮುಗಿಯಿತು. ಹುಡುಗರು ಇನ್ನೂ ಹದಕ್ಕೆ ಬಂದಿಲ್ಲವೆಂದು ಶಿವಪುತ್ರಪ್ಪನಿಗೆ ಕಾಣುತ್ತಿತ್ತು. ಆದರೆ ಅವನ ಬಡ್ತಿ ಹತ್ತಿರದಲ್ಲಿತ್ತು. ಮೇಜರ್ ಕೇಳಿದಾಗ, "ತಯಾರಿದ್ದಾರೆ, ಸಾಬ್" ಎಂದುಬಿಟ್ಟ.

ಗಡಿ ಸೇರಿದ ಹನ್ನೊಂದನೆಯ ದಿನ ಬೆಳಗ್ಗೆ ಹಳ್ಳದಾಚೆ ಪೊದೆ ಅಲುಗಿತು. ಬಂದೂಕು ಹಿಡಿದು ಬೋರಲು ಮಲಗಿ ಕಾಯುತ್ತಿದ್ದ ಸುಭಾಷ ಎದ್ದು ನಿಂತ, ಕೈ ಎತ್ತಿದ, ಕೂಗಿದ. ಇನ್ನೊಮ್ಮೆ ಕೂಗುವ ಮೊದಲೇ ಆಚೆಯಿಂದ ಬಂದ ಗುಂಡು ಅವನ ಜೀವ ತೆಗೆಯಿತು. ಬಡ್ತಿ ಬೇಡವೆಂದು ಶಿವಪುತ್ರಪ್ಪ ನಿವೃತ್ತಿ ಪಡೆದು ಊರಿಗೆ ಬಂದ.

"ಅವ್ವಾ, ತಪ್ಪು ನಂದೈತ್ರಿ" ಎಂದು ಈಗ ದುರ್ಗಮ್ಮನ ಅಂಗಳದಲ್ಲಿ ನಿಂತು ಎಲ್ಲವನ್ನೂ ಹೇಳಿದ.

ಭತ್ತ ಹರವುತ್ತಿದ್ದ ದುರ್ಗಮ್ಮನ ಕೈ ನಿಂತಿತು. "ಆ ದೇಶದಾಗೆ ಅಂವ ಹಂಗೆ ಕೂಗಿದ್ದಕ್ಕೆ ಯಾರಾದ್ರೂ ಉಳಿದ್ರಾ?"

"ಉಳಿದ್ರಿ. ಒಬ್ಬಾಕಿ ಬಟ್ಟಿ ಗಂಟು ಅವುಚ್ಕೊಂಡು ಗೇಟಿಗೆ ಓಡಿ ಬಂದ್ಳು. ಬಾಂಬ್ ಅಂತ ನಾವೆಲ್ಲ ಬಂದೂಕು ಎತ್ತಿದ್ವಿ. ಸುಭಾಷ ಒಬ್ಬನೇ ಕೂಗಿ ಆಕಿನ್ನ ನಿಲ್ಲಿಸಿದ. ಗಂಟಿನಾಗ ಕೂಸಿತ್ರಿ."

"ಹಂಗಾರೆ ಅಂವ ಕಲ್ತಿದ್ದು ತಪ್ಪಲ್ಲ, ನೀವು ಕಲ್ಸಿದ್ದೂ ತಪ್ಪಲ್ಲ." ಆಕೆ ಅವನ ಮುಖ ನೋಡಿದಳು. "ಸಾಹೇಬ್ರು ಕೇಳಿದಾಗ ಸುಳ್ಳು ಹೇಳಿದ್ರಲ್ಲ, ಅದು ತಪ್ಪು. ನನ್ನ ಹತ್ರ ಹೇಳಿ ಎಂತ ಬಂತು? ಅವರ ಹತ್ರ ಹೇಳಿ."

ಊರಿಗೆ ಮರಳಿದವನೇ ಪಲ್ಟನ್ನಿಗೆ ನಾಲ್ಕು ಪುಟದ ಪತ್ರ ಬರೆದ. ತಿಂಗಳ ಮೇಲೆ ಅದೇ ಮೇಜರ್ ಫೋನು ಮಾಡಿದರು. ಮುಂದೆ ಹೊರದೇಶದಿಂದ ಮರಳುವ ತುಕಡಿಗೆ ಎರಡು ತಿಂಗಳ ತರಬೇತಿ ಪೂರ್ತಿ ಕೊಡುತ್ತೇವೆ ಎಂದರು. ಆಮೇಲೆ ದನಿ ತಗ್ಗಿಸಿದರು. "ಹುಡುಗರು ತಯಾರಿಲ್ಲವೆಂಬ ಅನುಮಾನ ನನಗೂ ಇತ್ತು, ಶಿವಪುತ್ರಪ್ಪ. ನೀನು ಇಲ್ಲ ಅಂದಿದ್ದರೆ, ಅದನ್ನೇ ಹಿಡಿದು ಮೇಲಿನವರ ಹತ್ತಿರ ಇನ್ನಷ್ಟು ದಿನ ಕೇಳುತ್ತಿದ್ದೆ."

ಒಳಗಿನಿಂದ ಹೆಂಡತಿ ಮುರಿಗೆವ್ವ ಊಟಕ್ಕೆ ಎರಡು ಸಲ ಕರೆದಳು. ಅವನು ಕಟ್ಟೆಯಿಂದ ಏಳಲಿಲ್ಲ.