ಮಂಚದ ಮೇಲಿನ ಸಮವಸ್ತ್ರ

ರಜೆಗೆ ಬಂದ ಮಗ ಕಣ್ಣೆದುರೇ ಇದ್ದರೂ ಮನೆಯಲ್ಲಿ ಇಲ್ಲದಂತಿದ್ದರೆ ಏನು ಮಾಡುವುದು? ಪಿರಿಯಾಪಟ್ಟಣದ ಬಳಿಯ ಹಳ್ಳಿಯ ನೀಲಾಂಬಿಕೆಗೆ ಅದೇ ಚಿಂತೆ. ಸೇನೆಯಲ್ಲಿರುವ ಮಗ ಮಹದೇವಪ್ರಸಾದನಿಗೆ ಇಪ್ಪತ್ಮೂರು ವರ್ಷ. ಊಟಕ್ಕಿಟ್ಟರೆ ತಟ್ಟೆ ನೋಡುತ್ತಾ ಕೂರುತ್ತಾನೆ. ಕರೆದರೆ ನಗುತ್ತಾನೆ. ಆ ನಗು ಮುಖದಿಂದ ಇಳಿಯುವುದೇ ಇಲ್ಲ.

ಅಂದು ಮಧ್ಯಾಹ್ನ ಹೊಗೆಸೊಪ್ಪು ಕಟ್ಟಿ ಒಳಗೆ ಬಂದವಳು, ಮಂಚದ ಮೇಲೆ ಯಾರೋ ಮಲಗಿದ್ದಾರೆಂದು ಬೆಚ್ಚಿದಳು. ಯಾರೂ ಇರಲಿಲ್ಲ. ಇಸ್ತ್ರಿ ಮಾಡಿದ ಸಮವಸ್ತ್ರವನ್ನು ಆಳುದ್ದಕ್ಕೆ ಹಾಸಲಾಗಿತ್ತು. ತೋಳುಗಳು ಎದೆಯ ಮೇಲೆ, ಕಾಲಿನ ಕಡೆ ಬೂಟು. ದೇವರ ಗೂಡಿನಲ್ಲಿ ಮಗನ ಕೊರಳ ಇಷ್ಟಲಿಂಗ. ಸಾಯುವವರೆಗೂ ಮೈಮೇಲಿಂದ ತೆಗೆಯಬಾರದ್ದು.

“ಮಿಲಿಟ್ರಿಗೋಗಿ ಆಚಾರ ಕೆಟ್ಟೋದ. ಲಿಂಗಾನೇ ಭಾರ ಆಯ್ತೇನೋ ಇವ್ನಿಗೆ!” ಎಂದು ಗಂಡ ನಂಜಣ್ಣ ಗೊಣಗಿದ.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಹವಾಲ್ದಾರ ಕರಿಯಪ್ಪ ಬಂದ. ಕೈಯಲ್ಲಿ ಒಂದು ವಾಚು.

“ನಿನ್ ಮಗ ಇದ್ನ ಕೊಟ್ಬುಟ್ಟು, ‘ಇನ್ನು ನಂಗ್ಯಾಕೆ ಮಾವ’ ಅಂದ. ಎಲ್ಲವ್ನೆ?”

“ಹಿತ್ಲಲ್ಲಿ ನಿಂತವ್ನೆ. ಧಾರಾಳಿ ಕಣಯ್ಯ ನಮ್ಮುಡ್ಗ” ಎಂದ ನಂಜಣ್ಣ.

“ಧಾರಾಳ ಅಲ್ಲ ಕಣೋ. ನಮ್ ಬ್ಯಾರಕ್‌ನಲ್ಲೂ ಒಬ್ಬ ಇಂಗೇ ಎಲ್ಲಾನೂ ಹಂಚ್ದ. ನಾವು ನಗಾಡ್ಕೊಂಡು ಈಸ್ಕೊಂಡೋ. ಮಾರನೇ ದಿನ ಅವ್ನಿರ್ಲಿಲ್ಲ.”

“ಅಪಶಕುನ ಆಡ್ಬ್ಯಾಡ! ಸಿಪಾಯಿ ಕಣ ಅವ್ನು.”

“ಸಿಪಾಯಿಗೇ ಹೇಳ್ಕೊಳ್ಳೋಕೆ ಕಷ್ಟ. ಸಾಯೋ ಯೋಚ್ನೆ ಬತ್ತದಾ ಅಂತ ನೇರವಾಗಿ ಕೇಳು.”

“ಕೇಳುದ್ರೆ ಇಲ್ದಿದ್ದು ತಲೆಗೆ ಹೊಕ್ಕಂಡ್ರೆ?”

“ಕೇಳೋದ್ರಿಂದ ಅದು ಹುಟ್ಟಲ್ಲ. ಒಳಗಿರೋದು ಈಚೆಗೆ ಬತ್ತದೆ, ಅಷ್ಟೇಯ.”

ನೀಲಾಂಬಿಕೆ ಕಾಯಲಿಲ್ಲ. ಹಿತ್ತಲಿಗೆ ಹೋಗಿ ಮಗನ ಕೈ ಹಿಡಿದಳು. ಬಿಸಿಲಲ್ಲೂ ಕೈ ತಣ್ಣಗಿತ್ತು.

“ಮಗಾ, ಸಾಯ್ಬೇಕು ಅನ್ನುಸ್ತದಾ ನಿಂಗೆ?”

ಮುಖದ ಮೇಲಿನ ನಗು ಕಳಚಿತು.

“ಊಂ ಕಣವ್ವ. ನಿದ್ದೆ ಬಂದು ಮೂರು ತಿಂಗ್ಳಾಯ್ತು. ಅಲ್ಲಿ ಹೇಳುದ್ರೆ ಪುಕ್ಕಲ ಅಂತಾರೆ. ಅಪ್ಪಂಗೆ ಎಂಗೇಳ್ಲಿ?”

ಹಿಂದೆ ಬಂದಿದ್ದ ನಂಜಣ್ಣ ಮಗನ ಹೆಗಲ ಮೇಲೆ ಕೈಯಿಟ್ಟ. “ನೌಕ್ರಿ, ಮಾನ ಎಲ್ಲ ಆಮ್ಯಾಕೆ. ನೀನಿರ್ಬೇಕು ಕಣ್ಲಾ ನಂಗೆ.”

ಕರಿಯಪ್ಪ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನು ಹಚ್ಚಿ ಹುಡುಗನ ಕೈಗಿಟ್ಟ. ಮಾತು ಮುಗಿಯುವವರೆಗೂ, ಆಮೇಲೂ, ಮೂವರೂ ಪಕ್ಕದಿಂದ ಕದಲಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಅವನನ್ನು ಮೈಸೂರಿನ ಮನೋವೈದ್ಯರ ಬಳಿ ಕರೆದೊಯ್ದರು. ವೈದ್ಯರ ಪತ್ರ ಅವನ ಸೇನಾ ಘಟಕಕ್ಕೂ ಹೋಯಿತು. ನಿದ್ದೆ ಒಂದೇ ದಿನಕ್ಕೆ ಬರಲಿಲ್ಲ, ನಿಧಾನವಾಗಿ ಬರುತ್ತಿದೆ.

ನಿಮ್ಮ ಮನೆಗೂ ಸೈನಿಕ ರಜೆಗೆ ಬಂದಿದ್ದಾನೆಯೇ? ಗಡಿಯ ಕಥೆ ಕೇಳುವ ಮೊದಲು ನಿದ್ದೆ ಹೇಗಿದೆ ಎಂದು ಕೇಳಿ. ತನ್ನ ವಸ್ತು ಹಂಚುತ್ತಿದ್ದರೆ ಹೊಗಳಬೇಡಿ, ಬೈಯಬೇಡಿ, ಒಬ್ಬನನ್ನೇ ಬಿಡಬೇಡಿ. ಟೆಲಿ ಮಾನಸ್ 14416ಕ್ಕೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ಹಾಳೆ ಹಿಡಿದಿರುವ ಸೈನಿಕ ನೀನೇ ಆಗಿದ್ದರೆ, ಹತ್ತಿರವಿರುವವರನ್ನು ಈಗಲೇ ಹೆಸರು ಹಿಡಿದು ಕೂಗು. ಏನು ಹೇಳಬೇಕೆಂಬುದು ಆಮೇಲೆ ಬರುತ್ತದೆ.